ಪಿಯಾಜೆಯ 2 ಮಿ.ಮೀ. ಆಲ್ಟಿಪ್ಲಾನೊ ಮತ್ತು ಚಿನ್ನದ ಪೋಲೊ 79: ನಿಮ್ಮ ಓಟು ಯಾವುದಕ್ಕೆ?

ಸಣ್ಣಮುಳ್ಳು
ಸ್ವಿಸ್ ವಾಚು ಕಂಪನಿ ಪಿಯಾಜೆಗೆ 2024ರಲ್ಲಿ 150 ವರ್ಷ ತುಂಬಿತು. ಆ ವರ್ಷ ಬಂದ ಎರಡು ವಾಚುಗಳ ಬಗ್ಗೆ ಇಲ್ಲಿ ಸರಿಯಾಗಿ ಮಾತೇ ಆಗಿಲ್ಲ, ಅದಕ್ಕೇ ಈ ಚರ್ಚೆ.

ವರ್ಷದ ಆರಂಭದಲ್ಲಿ ಪೋಲೊ 79 ಬಂತು. 38 ಮಿ.ಮೀ. ಅಗಲ, 7.45 ಮಿ.ಮೀ. ದಪ್ಪ, ಕೇಸಿನಿಂದ ಚೈನಿನವರೆಗೆ ಪೂರ್ತಿ 18 ಕ್ಯಾರೆಟ್ ಹಳದಿ ಚಿನ್ನ. ಆಮೇಲೆ ಬಿಳಿ ಚಿನ್ನದ್ದೂ ಬಂತು. ಏಪ್ರಿಲ್‌ನಲ್ಲಿ ಜಿನೀವಾದ ಮೇಳದಲ್ಲಿ ಆಲ್ಟಿಪ್ಲಾನೊ ಅಲ್ಟಿಮೇಟ್ ಕಾನ್ಸೆಪ್ಟ್ ಟೂರ್ಬಿಯಾನ್ ತೋರಿಸಿದರು. ಗಾಜು, ಮುಳ್ಳು, ಯಂತ್ರ, ಹಿಂದಿನ ಮುಚ್ಚಳ ಎಲ್ಲ ಸೇರಿ 2 ಮಿ.ಮೀ. ಅದರೊಳಗೆ ಟೂರ್ಬಿಯಾನ್ ಬೇರೆ, ಅಂದರೆ ಸಮಯ ತಪ್ಪದಿರಲಿ ಅಂತ ವಾಚಿನ ಬಡಿತದ ಚಕ್ರವನ್ನೇ ಸುತ್ತ ತಿರುಗಿಸುವ ಪುಟ್ಟ ಗೂಡು!

ನನಗೆ ಅನ್ನಿಸೋದು ಇಷ್ಟು. ಪಿಯಾಜೆಯ ನಿಜವಾದ ಶಕ್ತಿ ಕಾಣುವುದು ಪೋಲೊ 79ರಲ್ಲಿ. ತೆಳುವಾದ ಯಂತ್ರ ಮಾಡುವ ವಿದ್ಯೆ ಇರುವುದು ದಿನಾ ಕಟ್ಟುವ ವಾಚು ಚೆನ್ನಾಗಿರಲಿ ಅಂತ. ಇನ್ನೊಂದು ವಾಚನ್ನು ನೋಡಿ ಬೆರಗಾಗುತ್ತೇನೆ, ಆದರೆ ಕೈಗೆ ಕಟ್ಟುವ ಆಸೆ ಬರುವುದಿಲ್ಲ. ನೀವು ಏನಂತೀರಿ? ಸುಮ್ನೆ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನಬೇಡಿ, ಕಾರಣ ಬರೆಯಿರಿ.

ಕೀ_ಕೊಡುವವ
ಪೋಲೊ 79. ಎರಡನೇ ಮಾತಿಲ್ಲ. ಎರಡೇ ಮುಳ್ಳು, ತಾರೀಖಿನ ಕಿಟಕಿ ಇಲ್ಲ, ಚೈನಿನ ಗೆರೆಗಳು ಹಾಗೇ ಡಯಲ್ ಮೇಲೂ ಹರಿದು ಹೋಗುತ್ತವೆ. ಕೇಸ್ ಎಲ್ಲಿ ಮುಗಿಯಿತು, ಚೈನು ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಈಚೆಗೆ ಬಂದ ವಾಚುಗಳಲ್ಲಿ ಇಷ್ಟು ಧೈರ್ಯದ ವಿನ್ಯಾಸ ನಾನು ನೋಡಿಲ್ಲ.

ಮೈಕ್ರೋರೋಟರ್
ಸಣ್ಣಮುಳ್ಳು, ನೀವು ಎರಡನ್ನೂ ಬೇರೆ ಬೇರೆ ಅಂತ ನೋಡುತ್ತಿದ್ದೀರಿ. ನನ್ನ ತಕರಾರು ಅಲ್ಲೇ.

ಪಿಯಾಜೆ ಶುರುವಾಗಿದ್ದು 1874ರಲ್ಲಿ, ಸ್ವಿಟ್ಜರ್‌ಲೆಂಡಿನ ಜೂರಾ ಬೆಟ್ಟದ ಲಾ ಕೋತ್-ಓ-ಫೇ ಅನ್ನುವ ಹಳ್ಳಿಯಲ್ಲಿ. ಬಹಳ ವರ್ಷ ಅವರು ಬೇರೆ ಕಂಪನಿಗಳಿಗೆ ಯಂತ್ರ ಮಾಡಿಕೊಡುತ್ತಿದ್ದರು. ಅವರ ಹೆಸರು ದೊಡ್ಡದಾಗಿದ್ದು 1957ರಲ್ಲಿ, 9ಪಿ ಯಂತ್ರ ಬಂದಾಗ. ಕೈಯಲ್ಲಿ ಕೀ ಕೊಡುವ ಯಂತ್ರ, ದಪ್ಪ ಬರೀ 2 ಮಿ.ಮೀ. 1960ರಲ್ಲಿ 12ಪಿ ಬಂತು. ಅದು ಆಟೋಮ್ಯಾಟಿಕ್, 2.3 ಮಿ.ಮೀ. ಕೈ ಆಡಿದಾಗ ತಿರುಗಿ ಸ್ಪ್ರಿಂಗ್ ಸುತ್ತುವ ರೋಟರನ್ನು ಚಿಕ್ಕದು ಮಾಡಿ ಯಂತ್ರದ ಒಳಗೇ ಕೂರಿಸಿದರು, ಮೇಲೆ ಕೂರಿಸಿದ್ದರೆ ದಪ್ಪ ಆಗುತ್ತಿತ್ತು.

ಈಗ ಲೆಕ್ಕ ನೋಡಿ. 1957ರಲ್ಲಿ ಯಂತ್ರ ಒಂದೇ 2 ಮಿ.ಮೀ. ಇತ್ತು. ಇವತ್ತು ಇಡೀ ವಾಚೇ 2 ಮಿ.ಮೀ. ಇನ್ನು ಪೋಲೊ 79 ಒಳಗಿನ 1200ಪಿ1 ಯಂತ್ರ 2.35 ಮಿ.ಮೀ., ಅದರಲ್ಲೂ ಒಳಗೇ ಕೂತ ಚಿಕ್ಕ ರೋಟರ್. ಅಂದರೆ 12ಪಿ ಹಾಕಿದ ದಾರಿ. ಎರಡು ವಾಚೂ ಒಂದೇ ಮನೆಯ ವಿದ್ಯೆ. ತೆಳುತನದ ಹುಚ್ಚು ಇಲ್ಲದಿದ್ದರೆ ಪೋಲೊ 79 ಇಷ್ಟು ಸಪೂರ ಆಗುತ್ತಲೇ ಇರಲಿಲ್ಲ.

ಬಸವನಗುಡಿ_ಟೈಮ್
ಈ ದಾಖಲೆ ಓಟ ನನಗೆ ಸಾಕಾಗಿದೆ. 2018ರಲ್ಲಿ ಪಿಯಾಜೆ ಟೂರ್ಬಿಯಾನ್ ಇಲ್ಲದ 2 ಮಿ.ಮೀ. ಆಲ್ಟಿಪ್ಲಾನೊವನ್ನು ಪ್ರಯೋಗ ಅಂತ ತೋರಿಸಿತು, 2020ರಲ್ಲಿ ಮಾರಾಟಕ್ಕೆ ತಂತು. ಆ ವರ್ಷ ಜಿನೀವಾದಲ್ಲಿ ವಾಚುಗಳ ಅತಿ ದೊಡ್ಡ ಪ್ರಶಸ್ತಿ ಅದಕ್ಕೇ ಸಿಕ್ಕಿತು. ಅಲ್ಲಿವರೆಗೆ ಸರಿ.

2022ರ ಮಾರ್ಚ್‌ನಲ್ಲಿ ಬುಲ್ಗಾರಿ 1.8 ಮಿ.ಮೀ. ಅಂತ ಬಂತು. ಅದೇ ಜುಲೈನಲ್ಲಿ ರಿಚರ್ಡ್ ಮಿಲ್ 1.75 ಅಂತ ಬಂತು. 2024ರಲ್ಲಿ ಬುಲ್ಗಾರಿ ಮತ್ತೆ ಬಂದು 1.70 ಅಂದಿತು. ಕೆಲವೇ ತಿಂಗಳಲ್ಲಿ ರಷ್ಯಾದ ಕಾನ್ಸ್ಟಾಂಟಿನ್ ಚೈಕಿನ್ 1.65ರ ಮಾದರಿ ತೋರಿಸಿದರು. ಕೊನೆಯ ಎರಡರ ನಡುವೆ ಇರುವುದು 0.05 ಮಿ.ಮೀ. ಒಂದು ಹಾಳೆ ಕಾಗದದ ಅರ್ಧ ದಪ್ಪ! ಇದರಿಂದ ಕಟ್ಟುವವರಿಗೆ ಏನು ಸಿಗುತ್ತದೆ, ಹೇಳಿ?

ಹಾಸನದ_ಮೆಕ್ಯಾನಿಕಲ್
ಕಟ್ಟುವವರಿಗೆ ಸಿಗುವುದನ್ನು ಆಮೇಲೆ ನೋಡೋಣ. ಮಾಡುವವರಿಗೆ ಇದು ಎಷ್ಟು ಕಷ್ಟ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಇದನ್ನು ಬರೀ ಚಿಕ್ಕದು ಮಾಡುವ ಕೆಲಸ ಅಂದುಕೊಂಡಿದ್ದಾರೆ.

ಒಂದು ತಗಡಿನ ಗಟ್ಟಿತನ ಅದರ ದಪ್ಪದ ಜೊತೆ ನೇರವಾಗಿ ಇಳಿಯುವುದಿಲ್ಲ. ದಪ್ಪದ ಘನದ ಲೆಕ್ಕದಲ್ಲಿ ಇಳಿಯುತ್ತದೆ. ದಪ್ಪ ಅರ್ಧ ಮಾಡಿದರೆ ಬಾಗದೆ ನಿಲ್ಲುವ ಶಕ್ತಿ ಎಂಟನೇ ಒಂದು ಪಾಲಿಗೆ ಬರುತ್ತದೆ. ಶಾಲೆಯ ಪ್ಲಾಸ್ಟಿಕ್ ಸ್ಕೇಲನ್ನು ಅಡ್ಡ ಹಿಡಿದು ಬಗ್ಗಿಸಿ, ಆಮೇಲೆ ಅಂಚಿನ ಕಡೆಯಿಂದ ಬಗ್ಗಿಸಿ ನೋಡಿ, ಗೊತ್ತಾಗುತ್ತದೆ. ವಾಚು ಮಣಿಕಟ್ಟಿನ ಮೇಲೆ ಚೈನಿನ ಎಳೆತಕ್ಕೆ ಸ್ವಲ್ಪ ಬಾಗಿದರೂ ಒಳಗಿನ ಚಕ್ರಗಳ ಅಚ್ಚು ಬಿಗಿಯಾಗುತ್ತದೆ, ವಾಚು ನಿಲ್ಲುತ್ತದೆ.

ಅದಕ್ಕೇ ಪಿಯಾಜೆ 2 ಮಿ.ಮೀ. ಆಲ್ಟಿಪ್ಲಾನೊದಲ್ಲಿ ಚಿನ್ನ ಬಿಟ್ಟು ಕೋಬಾಲ್ಟ್ ಮಿಶ್ರ ಲೋಹ ಹಿಡಿಯಿತು. ಈ ದಪ್ಪದಲ್ಲಿ ಚಿನ್ನ ಬಾಗಿಬಿಡುತ್ತದೆ. ಹಿಂದಿನ ಮುಚ್ಚಳ, ಯಂತ್ರದ ತಳದ ತಟ್ಟೆ ಅಂತ ಎರಡು ಭಾಗ ಇಲ್ಲವೇ ಇಲ್ಲ, ಎರಡೂ ಒಂದೇ. ಮುಚ್ಚಳದಲ್ಲೇ ಗುಳಿ ಕೊರೆದು ಚಕ್ರ ಕೂರಿಸಿದ್ದಾರೆ. ಮಾಮೂಲಿ ವಾಚಿನ ಗಾಜು 1 ಮಿ.ಮೀ. ಇರುತ್ತದೆ, ಇದರದ್ದು 0.2. ಸ್ಪ್ರಿಂಗ್ ಸುತ್ತಿಡುವ ಡಬ್ಬಿಗೆ ಮೇಲೆ ಕೆಳಗೆ ಹಿಡಿತ ಇಲ್ಲ, ಸುತ್ತಲೂ ಬೇರಿಂಗ್ ಕೊಟ್ಟು ನಿಲ್ಲಿಸಿದ್ದಾರೆ.

ಇನ್ನೊಂದು ತೊಂದರೆ ಶಕ್ತಿಯದು. ಸ್ಪ್ರಿಂಗ್ ಪಟ್ಟಿಯ ಎತ್ತರ ಕಡಿಮೆ ಆದಷ್ಟೂ ಅದು ಕೊಡುವ ಬಲ ಕಡಿಮೆ. ಅಂಥದ್ದರಲ್ಲಿ 40 ಗಂಟೆ ಓಡುತ್ತದೆ. ಟೂರ್ಬಿಯಾನ್ ಸೇರಿಸಿದಾಗ 25% ಜಾಸ್ತಿ ಶಕ್ತಿ ಬೇಕಾಯಿತು ಅಂತ ಕಂಪನಿಯೇ ಹೇಳಿದೆ. ಆದರೂ ದಪ್ಪ 2ರಲ್ಲೇ ನಿಂತಿತು, ಅಗಲ ಮಾತ್ರ 41ರಿಂದ 41.5 ಆಯಿತು. ನನ್ನ ಮಟ್ಟಿಗೆ ಇದು ಈ ದಶಕದ ಅತಿ ಒಳ್ಳೆಯ ಇಂಜಿನಿಯರಿಂಗ್ ಕೆಲಸಗಳಲ್ಲಿ ಒಂದು.

ಕೀ_ಕೊಡುವವ
ಘನದ ಲೆಕ್ಕ ಇವತ್ತೇ ತಿಳಿದದ್ದು. ಒಳ್ಳೆ ಬರಹ ಸರ್.

ಬಸವನಗುಡಿ_ಟೈಮ್
ಕಷ್ಟ ಅಂತ ಒಪ್ಪುತ್ತೇನೆ. ಕಷ್ಟವಾದ ಕೆಲಸ ಎಲ್ಲ ಬೇಕಾದ ಕೆಲಸ ಆಗಿರಬೇಕು ಅಂತೇನಿಲ್ಲ. ಆಲ್ಟಿಪ್ಲಾನೊಗೆ ಕೀ ಕೊಡಲು ಕಂಪನಿ ಬೇರೆ ಕಡ್ಡಿ ಕೊಡುತ್ತದೆ. ನೀರು ತಡೆಯುವುದು 20 ಮೀಟರ್ ಗುರುತಿನಷ್ಟು ಮಾತ್ರ. ಕೈ ತೊಳೆಯುವಾಗಲೂ ಎಚ್ಚರವಾಗಿರಬೇಕಾದ ವಾಚು ಅದು.

ಜಿನೀವಾ_ಕನ್ನಡಿಗ
ನಾನು ಇಲ್ಲೇ ಇರುವುದರಿಂದ ಎರಡನ್ನೂ ಕೈಯಲ್ಲಿ ಹಿಡಿಯುವ ಅವಕಾಶ ಸಿಕ್ಕಿತು. ಆಲ್ಟಿಪ್ಲಾನೊ ಮೊದಲ ಮಾದರಿ, ಅಂದರೆ ಟೂರ್ಬಿಯಾನ್ ಇಲ್ಲದ್ದು. ಪೋಲೊ 79 ಹಳದಿ ಚಿನ್ನದ್ದು.

ಆಲ್ಟಿಪ್ಲಾನೊ ಕೈಗೆ ಬಂದಾಗ ಮೊದಲು ಆದದ್ದು ಗಾಬರಿ. ಹಿಡಿಯುವುದು ಹೇಗೆ ಅಂತಲೇ ಗೊತ್ತಾಗಲಿಲ್ಲ. ಬೆರಳಿಗೆ ಅಂಚು ಸಿಗುತ್ತದೆ, ಬದಿ ಸಿಗುವುದಿಲ್ಲ. ಕಟ್ಟಿದ ಮೇಲೆ ಗಮನ ಸಮಯದ ಕಡೆ ಹೋಗಲೇ ಇಲ್ಲ, ವಾಚಿನ ಕಡೆಯೇ ಇತ್ತು. ಸಮಯ ತೋರಿಸುವ ಡಯಲ್ ಒಂದು ಮೂಲೆಯಲ್ಲಿ ಚಿಕ್ಕದಾಗಿ ಇದೆ, ಉಳಿದಿದ್ದೆಲ್ಲ ಯಂತ್ರ.

ಪೋಲೊ 79 ಬೇರೆಯೇ ಅನುಭವ. ಫೋಟೋದಲ್ಲಿ ನೋಡಿದಾಗ ಜಾಸ್ತಿ ಮೆರುಗು ಅನ್ನಿಸಿತ್ತು. ಕೈಗೆ ಹಾಕಿದಾಗ ಮೊದಲು ಗೊತ್ತಾಗುವುದು ತೂಕ. ಸುಮಾರು 200 ಗ್ರಾಂ ಚಿನ್ನ. ಆದರೆ ಆ ತೂಕ ಮಣಿಕಟ್ಟಿನ ಸುತ್ತ ಸಮವಾಗಿ ಹಂಚಿಕೊಂಡಿದೆ, ಚೈನು ಬಟ್ಟೆಯ ಹಾಗೆ ಸುತ್ತಿಕೊಳ್ಳುತ್ತದೆ. ವಾಚು ಪಕ್ಕಕ್ಕೆ ವಾಲುವುದಿಲ್ಲ. ಅಂಗಿಯ ತೋಳು ಆರಾಮಾಗಿ ಮೇಲೆ ಕೂರುತ್ತದೆ. ಹೊಳಪಿನ ಗೆರೆ, ಮಂದ ಗೆರೆ ಒಂದಾದ ಮೇಲೊಂದು ಬರುವುದರಿಂದ ಬೆಳಕು ತುಂಡು ತುಂಡಾಗಿ ಕಾಣುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. 7.45 ಮಿ.ಮೀ. ಅನ್ನುವುದು ಕಾಗದದ ಮೇಲೆ ದೊಡ್ಡ ದಾಖಲೆ ಏನಲ್ಲ. ಆದರೆ ಇಷ್ಟು ಭಾರದ ಚಿನ್ನದ ವಾಚು ಇದಕ್ಕಿಂತ 2 ಮಿ.ಮೀ. ದಪ್ಪ ಇದ್ದಿದ್ದರೆ ಕಟ್ಟಲು ಆಗುತ್ತಿರಲಿಲ್ಲ. ತೆಳು ಯಂತ್ರದ ಬೆಲೆ ನನಗೆ ಅರ್ಥವಾಗಿದ್ದು ಅಲ್ಲಿ.

ಮಲ್ಲೇಶ್ವರ_8ನೇ_ಕ್ರಾಸ್
200 ಗ್ರಾಂ 18 ಕ್ಯಾರೆಟ್ ಅಂದರೆ ಅಪ್ಪಟ ಚಿನ್ನ 150 ಗ್ರಾಂ. ವಾಚು ಬಂದಾಗ ಬೆಲೆ 70 ಸಾವಿರ ಡಾಲರ್ ದಾಟಿತ್ತು, ನಮ್ಮ ದುಡ್ಡಲ್ಲಿ 60 ಲಕ್ಷದ ಹತ್ತಿರ. ನಮ್ಮಲ್ಲಿ ಚಿನ್ನ ಕೊಳ್ಳುವವರು ಮಾಡುವ ಮೊದಲ ಲೆಕ್ಕವೇ ತೂಕ ಎಷ್ಟು, ಮಜೂರಿ ಎಷ್ಟು ಅಂತ. ಆ ಲೆಕ್ಕದಲ್ಲಿ ಈ ವಾಚು ಗೆಲ್ಲುವುದಿಲ್ಲ.

ಕೀ_ಕೊಡುವವ
ವಾಚಿಗೆ ಆ ಲೆಕ್ಕ ಹಾಕಬಾರದು. ವೀಣೆಯನ್ನು ಯಾರಾದರೂ ಹಲಸಿನ ಮರದ ರೇಟಿಗೆ ಕೊಳ್ಳುತ್ತಾರಾ?

ಮಲ್ಲೇಶ್ವರ_8ನೇ_ಕ್ರಾಸ್
ಹಾಕಬಾರದು ಅಂದರೂ ಜನ ಹಾಕುತ್ತಾರೆ. ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ಅದು.

ತುಮಕೂರು_ಕಡೆಯವ
ನಮ್ಮ ತಂದೆ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದಲ್ಲಿದ್ದವರು. ಅವರಿಗೆ ಈ ಚರ್ಚೆ ಓದಿ ಹೇಳಿದೆ. ಅವರು ಹೇಳಿದ್ದು: ತೆಳು ವಾಚಿನಲ್ಲಿ ಕೈ ನಡುಗುವ ಹಾಗೇ ಇಲ್ಲ. ಚಕ್ರ ಮೇಲೆ ಕೆಳಗೆ ಆಡುವ ಜಾಗ ಕೂದಲೆಳೆಗಿಂತ ಕಡಿಮೆ ಇರುತ್ತದೆ. ಅದು ಒಂಚೂರು ಜಾಸ್ತಿ ಆದರೆ ಒಂದಕ್ಕೊಂದು ತಾಗುತ್ತದೆ, ಕಡಿಮೆ ಆದರೆ ಬಿಗಿಯುತ್ತದೆ. ದಪ್ಪ ವಾಚು ಇದನ್ನು ಸಹಿಸಿಕೊಳ್ಳುತ್ತದೆ, ತೆಳು ವಾಚು ಸಹಿಸುವುದಿಲ್ಲ.

ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಮಾಡಲು ಶುರು ಮಾಡಿದಾಗ ಅವರ ಗುರಿ ಗಟ್ಟಿತನ ಇತ್ತು. ಜನತಾ ವಾಚು ಬೀಳಬೇಕು, ಒದ್ದೆ ಆಗಬೇಕು, ಆದರೂ ಓಡಬೇಕು. ತೆಳುತನದ ಕನಸು ಆಮೇಲೆ ಕಂಡಿದ್ದು ಟೈಟನ್. ಎಡ್ಜ್ ನೆನಪಿದೆಯಾ? 2002ರಲ್ಲಿ ಬಂತು. 3.5 ಮಿ.ಮೀ. ವಾಚು, ಒಳಗಿನ ಯಂತ್ರ 1.15 ಮಿ.ಮೀ., 30 ಮೀಟರ್ ನೀರು ತಡೆಯುತ್ತಿತ್ತು. ಬೆಂಗಳೂರಿನ ಕಂಪನಿ, ಹೊಸೂರಿನ ಕಾರ್ಖಾನೆ. ಆಗ ಟೈಟನ್ ನಡೆಸುತ್ತಿದ್ದ ಕ್ಸೆರ್ಕ್ಸೆಸ್ ದೇಸಾಯಿ ತಮ್ಮ ಇಂಜಿನಿಯರುಗಳಿಗೆ ಹಾಕಿದ ಸವಾಲು ಅದು. ಪಿಯಾಜೆ ಬಗ್ಗೆ ಮಾತಾಡುವಾಗ ನಾವು ಇದನ್ನು ಮರೆಯಬಾರದು.

ಮೈಕ್ರೋರೋಟರ್
ಎಡ್ಜ್ ಬಗ್ಗೆ ನನಗೂ ಗೌರವ ಇದೆ. ಆದರೆ ಅದು ಕ್ವಾರ್ಟ್ಜ್. ಸೆಲ್ ಹಾಕಿದ ವಾಚಿನ ತೆಳುತನವನ್ನೂ ಸ್ಪ್ರಿಂಗ್ ವಾಚಿನ ತೆಳುತನವನ್ನೂ ಪಕ್ಕಪಕ್ಕ ಇಟ್ಟು ಅಳೆಯಲು ಬರುವುದಿಲ್ಲ.

ತುಮಕೂರು_ಕಡೆಯವ
ಎಡ್ಜ್ ಮೆಕ್ಯಾನಿಕಲ್ ಕೂಡ ಇದೆ ಸರ್. ಕೀ ಕೊಡುವ ಯಂತ್ರ, 2.2 ಮಿ.ಮೀ. ಅಂದರೆ 9ಪಿಗಿಂತ 0.2 ಮಾತ್ರ ಜಾಸ್ತಿ. ಬೆಲೆ 2 ಲಕ್ಷದ ಆಸುಪಾಸು. ಇಲ್ಲಿ ಎಷ್ಟು ಜನ ಅದನ್ನು ಕೈಗೆತ್ತಿಕೊಂಡು ನೋಡಿದ್ದೀರಿ?

ಮೈಕ್ರೋರೋಟರ್
ನಾನು ನೋಡಿದ್ದೇನೆ. ಯಂತ್ರ ಚೆನ್ನಾಗಿದೆ. ಡಯಲ್ ವಿನ್ಯಾಸದಲ್ಲಿ ಇನ್ನೂ ಧೈರ್ಯ ಬೇಕಿತ್ತು.

ಹಳೇ_ಕ್ವಾರ್ಟ್ಜ್
ಕ್ವಾರ್ಟ್ಜ್ ಅಂದ ಕೂಡಲೇ ಪಕ್ಕಕ್ಕೆ ಸರಿಸುವವರಿಗೆ ಒಂದು ವಿಷಯ. ಪೋಲೊ 1979ರಲ್ಲಿ ಹುಟ್ಟಿದಾಗ ಅದರೊಳಗೆ ಇದ್ದದ್ದು ಪಿಯಾಜೆಯದೇ 7ಪಿ ಕ್ವಾರ್ಟ್ಜ್. ಆ ಕಾಲಕ್ಕೆ ಅದೇ ದೊಡ್ಡಸ್ತಿಕೆ. ಹೊಸ ಪೋಲೊ 79ಗೆ ಸ್ಪ್ರಿಂಗ್ ಯಂತ್ರ ಹಾಕಿರುವುದು ಈಗಿನವರ ರುಚಿಗೆ ತಕ್ಕ ಹಾಗೆ.

ಇನ್ನು ದಾಖಲೆ ಓಟ ವ್ಯರ್ಥ ಅಂದ ಬಸವನಗುಡಿಯವರಿಗೆ. 1979ರಲ್ಲೇ ಸ್ವಿಸ್ಸರು ಡೆಲಿರಿಯಂ ಅಂತ ಒಂದು ಕ್ವಾರ್ಟ್ಜ್ ವಾಚು ಮಾಡಿದರು. 1.98 ಮಿ.ಮೀ. ಜಪಾನಿನವರ ತೆಳು ವಾಚುಗಳಿಗೆ ಉತ್ತರ ಕೊಡಲೇಬೇಕು ಅನ್ನುವ ಹಟ. ಹಿಂದಿನ ಮುಚ್ಚಳವನ್ನೇ ಯಂತ್ರದ ತಳ ಮಾಡುವ ಉಪಾಯ ಅಲ್ಲಿ ಬಳಸಿದರು. ಮುಂದಿನ ಮಾದರಿಗಳು 1 ಮಿ.ಮೀ.ಗಿಂತಲೂ ಕೆಳಗಿಳಿದವು. ಕೈಗೆ ಕಟ್ಟಿದರೆ ಬಾಗುವಷ್ಟು ತೆಳು, ಯಾರಿಗೂ ಬೇಡವಾಯಿತು.

ಆದರೆ ಆ ಉಪಾಯ ಉಳಿಯಿತು! ಅದೇ ಉಪಾಯ ಹಿಡಿದು, ಕೇಸಿನೊಳಗೇ ಭಾಗ ಕೂರಿಸಿ, 51 ಭಾಗಗಳ ಅಗ್ಗದ ಪ್ಲಾಸ್ಟಿಕ್ ವಾಚು ಮಾಡಿದರು. 1983ರಲ್ಲಿ ಅದು ಮಾರುಕಟ್ಟೆಗೆ ಬಂತು. ಹೆಸರು ಸ್ವಾಚ್. ಮುಳುಗುತ್ತಿದ್ದ ಸ್ವಿಸ್ ವಾಚು ಉದ್ಯಮವನ್ನು ಎತ್ತಿ ನಿಲ್ಲಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಈಗ ಹೇಳಿ, ಡೆಲಿರಿಯಂನ ಆ ದಾಖಲೆ ವ್ಯರ್ಥವಾ?

ಬಸವನಗುಡಿ_ಟೈಮ್
ಒಳ್ಳೆ ಉದಾಹರಣೆ. ಆದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಡೆಲಿರಿಯಂ ಕಲಿಸಿದ್ದನ್ನು ನಾಲ್ಕೇ ವರ್ಷದಲ್ಲಿ ಸಾಮಾನ್ಯ ಜನರ ಕೈಗೆ ತಲುಪಿಸಿದರು. ಆಲ್ಟಿಪ್ಲಾನೊ 2018ರಲ್ಲಿ ಬಂತು. ಅದರಿಂದ ಯಾವ ಮಾಮೂಲಿ ವಾಚಿಗೆ ಏನು ಇಳಿದು ಬಂದಿದೆ? ಮತ್ತೆ ಟೂರ್ಬಿಯಾನ್ ಸೇರಿಸಿ ಮೇಲಕ್ಕೇ ಹೋದರು.

ಹಾಸನದ_ಮೆಕ್ಯಾನಿಕಲ್
ಇಳಿದು ಬಂದಿದೆ. ಪಿಯಾಜೆಯ ಹಳೇ 430ಪಿ ಯಂತ್ರ 2.1 ಮಿ.ಮೀ., ಅದು ಕಾರ್ಟಿಯೆ ವಾಚುಗಳ ಒಳಗೂ ಓಡುತ್ತದೆ. ಕಾರ್ಟಿಯೆ 1988ರಲ್ಲಿ ಪಿಯಾಜೆಯನ್ನು ಕೊಂಡಿತು, ಈಗ ಎರಡೂ ರಿಶ್ಮೋಂ ಗುಂಪಿನಲ್ಲಿವೆ. ಪೋಲೊ ಸ್ಕೆಲಿಟನ್ 2021ರಲ್ಲಿ ಬಂತು, 6.5 ಮಿ.ಮೀ., ಸ್ಟೀಲ್ ಚೈನು. ತೆಳು ಯಂತ್ರದ ವಿದ್ಯೆ ಕಟ್ಟುವ ವಾಚಿಗೆ ಬರುವ ದಾರಿ ಹೀಗೇ ಇರುತ್ತದೆ, ನಿಧಾನ.

ಬಸವನಗುಡಿ_ಟೈಮ್
430ಪಿ ಈ 2 ಮಿ.ಮೀ. ವಾಚಿಗಿಂತ ಎಷ್ಟೋ ವರ್ಷ ಹಿಂದಿನದು. ಅದನ್ನು ಇದರ ಲೆಕ್ಕಕ್ಕೆ ಹಾಕಬೇಡಿ.

ರಾಯಲ್_ಶಿರಸಿ
ಪೋಲೊ 79ನ್ನು ಜನ ಸ್ಪೋರ್ಟ್ಸ್ ವಾಚು ಅಂತ ಯಾಕೆ ಕರೆಯುತ್ತಾರೆ ಅಂತಲೇ ನನಗೆ ಅರ್ಥ ಆಗುವುದಿಲ್ಲ. 50 ಮೀಟರ್ ನೀರು ತಡೆ, ಮೆತ್ತನೆಯ ಚಿನ್ನ, ಸೆಕೆಂಡ್ ಮುಳ್ಳೂ ಇಲ್ಲ. ಯಾವ ಆಟ ಆಡುವುದು ಇದನ್ನು ಕಟ್ಟಿಕೊಂಡು?

ಜಿನೀವಾ_ಕನ್ನಡಿಗ
ಪಿಯಾಜೆ ಮನೆತನದ ಈವ್ ಪಿಯಾಜೆ ಕುದುರೆ ಪ್ರಿಯರು. ಪೋಲೊ ಪಂದ್ಯಗಳನ್ನು ನೋಡಲು ಬರುವ ಜನರಿಗಾಗಿ, ಮುಖ್ಯವಾಗಿ ಅಮೆರಿಕದ ಶ್ರೀಮಂತರಿಗಾಗಿ ಮಾಡಿದ ವಾಚು ಅದು. ಆಡುವವರಿಗೆ ಅಲ್ಲ, ನೋಡುವವರಿಗೆ. ಸ್ಟೀಲ್ ಸ್ಪೋರ್ಟ್ಸ್ ವಾಚುಗಳ ಅಲೆ ಎದ್ದಿದ್ದ ಕಾಲದಲ್ಲಿ ಪಿಯಾಜೆ ಸ್ಟೀಲ್ ಮುಟ್ಟದೆ ಚಿನ್ನದಲ್ಲೇ ಮಾಡಿತು. ಅದೇ ಅದರ ಗುಣ.

ಸಾಗರದ_ಗಡಿಯಾರ
ಪೋಲೊ ಮಾತು ಬಂದದ್ದಕ್ಕೆ ಇದನ್ನು ಹೇಳಲೇಬೇಕು. ಆಡುವವರಿಗಾಗಿಯೇ ಹುಟ್ಟಿದ ವಾಚು ಜೇಜರ್-ಲೆಕೂಲ್ಟರ್‌ನ ರಿವರ್ಸೊ, 1931. ಅದರ ಮೂಲ ನಮ್ಮ ದೇಶದಲ್ಲಿದೆ. ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಪೋಲೊ ಆಡುವಾಗ ವಾಚಿನ ಗಾಜು ಒಡೆಯುತ್ತಿತ್ತು. ಅದಕ್ಕೆ ಪರಿಹಾರವಾಗಿ ಕೇಸನ್ನೇ ತಿರುಗಿಸಿ ಗಾಜನ್ನು ಒಳಗೆ ಮಾಡುವ ವಾಚು ಬಂತು. ಅದೂ ತೆಳು, ಅದೂ ಸುಂದರ. ಪೋಲೊ ಅನ್ನುವ ಹೆಸರು ಯಾರಿಗಾದರೂ ಸಲ್ಲಬೇಕು ಅಂದರೆ ರಿವರ್ಸೊಗೆ ಸಲ್ಲಬೇಕು.

ರಾಯಲ್_ಶಿರಸಿ
ಸರಿ, ಇದನ್ನು ಒಪ್ಪಿದೆ.

ನನ್ನ ಮುಖ್ಯ ಮಾತು ಬೇರೆ. ತೆಳು ಸ್ಪೋರ್ಟ್ಸ್ ವಾಚು ಅಂದರೆ ಮೂಲ 1972ರಲ್ಲಿ ಆಡೆಮಾರ್ ಪಿಗೆ ಕಂಪನಿ ತಂದ ರಾಯಲ್ ಓಕ್. ಜೆರಾಲ್ಡ್ ಜೆಂಟಾ ಬರೆದ ಚಿತ್ರ. ಒಳಗಿನ 2121 ಯಂತ್ರ ತಾರೀಖು ಸೇರಿ 3.05 ಮಿ.ಮೀ. ಈಗಿನ 16202 ಮಾದರಿ 39 ಮಿ.ಮೀ. ಅಗಲ, 8.1 ದಪ್ಪ. ಪಟೇಕ್ ಫಿಲಿಪ್ ಕಂಪನಿಯ 1976ರ ನಾಟಿಲಸ್ ಕೂಡ ಜೆಂಟಾ ಅವರದೇ. 1977ರಲ್ಲಿ ವಶೆರನ್ 222 ಬಂತು, ಅದರ ವಿನ್ಯಾಸ ಯೋರ್ಗ್ ಹೈಸೆಕ್ ಅವರದು. ಈ ಮೂರರ ಯಂತ್ರಕ್ಕೂ ಮೂಲ ಒಂದೇ, ಜೇಜರ್-ಲೆಕೂಲ್ಟರ್‌ನ 920. ಅಂದರೆ ಆ ಕಾಲದ ಸ್ಪೋರ್ಟ್ಸ್ ವಾಚುಗಳು ಚೆನ್ನಾಗಿ ಕಂಡಿದ್ದಕ್ಕೆ ಅರ್ಧ ಕಾರಣ ಆ ಒಂದು ತೆಳು ಯಂತ್ರ.

ಪೋಲೊ 79 ಆ ಸಾಲಿನಲ್ಲಿ ಕೂರುವುದಿಲ್ಲ. ಅದು ಒಡವೆ. ಒಳ್ಳೆಯ ಒಡವೆ. ತೆಳು ಸ್ಪೋರ್ಟ್ಸ್ ವಾಚು ಬೇಕು ಅನ್ನುವವರಿಗೆ ಇವತ್ತು ಸರಿಯಾದ ಆಯ್ಕೆ ಬುಲ್ಗಾರಿ ಒಕ್ಟೊ ಫಿನಿಸ್ಸಿಮೊ. ಯಂತ್ರ 2.23 ಮಿ.ಮೀ., ಚಿಕ್ಕ ರೋಟರ್. ಟೈಟೇನಿಯಂ ಮಾದರಿ 2017ರಲ್ಲಿ ಬಂದಾಗ 5.15 ಮಿ.ಮೀ. ಆಮೇಲೆ ಬಂದ ಸ್ಟೀಲ್ ಮಾದರಿ 6.4 ಮಿ.ಮೀ., 100 ಮೀಟರ್ ನೀರು ತಡೆ. ಈಜಲು ಹೋಗಬಹುದು. ಪಿಯಾಜೆಗೆ ಆಗದ್ದನ್ನು ಬುಲ್ಗಾರಿ ಮಾಡಿ ತೋರಿಸಿದೆ.

ಕೀ_ಕೊಡುವವ
ಒಡವೆ ಅಂದರೆ ಕಡಿಮೆ ಅಂತ ಯಾರು ಹೇಳಿದ್ದು? ಕೈಗೆ ಕಟ್ಟುವ ಯಾವ ವಾಚೂ ಒಡವೆಯೇ. ಸಮಯ ನೋಡಲು ಎಲ್ಲರ ಜೇಬಲ್ಲೂ ಫೋನ್ ಇದೆ.

ಮೈಕ್ರೋರೋಟರ್
ಒಕ್ಟೊ ನನಗೂ ಇಷ್ಟ. ಆದರೆ ಅದರ ಅಗಲ 40 ಮಿ.ಮೀ., ಮೂಲೆಗಳಿಂದಾಗಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಸಣ್ಣ ಮಣಿಕಟ್ಟಿನವರಿಗೆ ತಟ್ಟೆ ಕಟ್ಟಿದ ಹಾಗೆ ಚಪ್ಪಟೆ. ತೆಳುತನ ಚೆನ್ನಾಗಿ ಕಾಣಬೇಕು ಅಂದರೆ ಅಗಲವೂ ಅದಕ್ಕೆ ಹೊಂದಬೇಕು. 38ಕ್ಕೆ 7.45 ಅನ್ನುವ ಪೋಲೊ 79 ಅಳತೆ ನನ್ನ ಕಣ್ಣಿಗೆ ಹೆಚ್ಚು ಹಿತ. 41.5ಕ್ಕೆ 2 ಅನ್ನುವ ಆಲ್ಟಿಪ್ಲಾನೊ ಅಲ್ಲೇ ಸೋಲುತ್ತದೆ, ಯಂತ್ರ ಎಷ್ಟೇ ದೊಡ್ಡ ಸಾಧನೆ ಆಗಿರಲಿ.

ಸಾಗರದ_ಗಡಿಯಾರ
ತೆಳು ವಾಚು ಸರ್ವಿಸ್ ಮಾಡಿಸಿದ ಅನುಭವ ಇಲ್ಲಿ ಯಾರಿಗಿದೆ? ನನ್ನ ಹತ್ತಿರ 1970ರ ದಶಕದ ಒಂದು ತೆಳು ಸ್ವಿಸ್ ವಾಚು ಇದೆ. ಒಂದು ಅಂಗಡಿಯಲ್ಲಿ ಕೊಟ್ಟಿದ್ದೆ. ವಾಪಸ್ ಬಂದಾಗ ಮಧ್ಯಾಹ್ನ 12ಕ್ಕೆ ಸರಿಯಾಗಿ ನಿಲ್ಲುತ್ತಿತ್ತು. ಎರಡು ಮುಳ್ಳೂ ಒಂದರ ಮೇಲೊಂದು ಬಂದಾಗ ಗಾಜಿಗೋ ಒಂದಕ್ಕೊಂದೋ ತಾಗುತ್ತಿದ್ದವು. ಮುಳ್ಳು ಕೂರಿಸುವಾಗ ಎತ್ತರ ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ. ದಪ್ಪ ವಾಚಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಬೇರೆ ಊರಿನ ಹಿರಿಯ ರಿಪೇರಿಯವರೊಬ್ಬರು ಸರಿ ಮಾಡಿಕೊಟ್ಟರು. ಅವರು ಮಾಡಿದ ಕೆಲಸ ಕಣ್ಣಿಗೇ ಕಾಣದಷ್ಟು ಸಣ್ಣದು.

ಹಾಸನದ_ಮೆಕ್ಯಾನಿಕಲ್
ಈ ತೊಂದರೆಗೇ ಪಿಯಾಜೆ 2014ರ 900ಪಿ ಯಂತ್ರದಲ್ಲಿ ಉತ್ತರ ಹುಡುಕಿದ್ದು. ಆ ವಾಚು 3.65 ಮಿ.ಮೀ. ಅಷ್ಟು ತೆಳು ಗಾಜು ನೀರಿನ ಒತ್ತಡಕ್ಕೆ ಒಳಗೆ ಬಾಗಿ ಮುಳ್ಳಿಗೆ ತಾಗಿ ವಾಚು ನಿಲ್ಲುವ ಅಪಾಯ ಇತ್ತು. ಅದಕ್ಕೆ ಮುಳ್ಳುಗಳನ್ನು ಯಂತ್ರದ ಸೇತುವೆಗಳಿಗಿಂತ, ಅಂದರೆ ಚಕ್ರಗಳನ್ನು ಹಿಡಿದಿಡುವ ಪಟ್ಟಿಗಳಿಗಿಂತ, ಕೆಳಗೆ ಇಟ್ಟರು. ಗಾಜು ಬಾಗಿದರೂ ಸೇತುವೆಗೆ ತಾಗಿ ನಿಲ್ಲುತ್ತದೆ, ಮುಳ್ಳು ಓಡುತ್ತಲೇ ಇರುತ್ತದೆ. 2 ಮಿ.ಮೀ. ವಾಚು ಆ ತಲೆಯಿಂದಲೇ ಬಂದದ್ದು.

ಹಳೇ_ಕ್ವಾರ್ಟ್ಜ್
ಸರ್ವಿಸ್ ವಿಷಯದಲ್ಲಿ ಜಾನ್ ಲಸಾಲ್ ಅನ್ನುವ ಸ್ವಿಸ್ ಕಂಪನಿಯ ಕತೆ ಎಲ್ಲರೂ ಓದಬೇಕು. 1976ರಲ್ಲಿ 1.2 ಮಿ.ಮೀ. ಯಂತ್ರ ಮಾಡಿದರು. ಸೇತುವೆಗಳನ್ನೇ ತೆಗೆದು ಚಕ್ರಗಳಿಗೆ ಬೇರಿಂಗ್ ಹಾಕಿದರು. ಎಷ್ಟು ನಾಜೂಕು ಅಂದರೆ ರಿಪೇರಿ ಮಾಡುವ ಬದಲು ಇಡೀ ಯಂತ್ರವನ್ನೇ ಬದಲಿಸಬೇಕಾಗುತ್ತಿತ್ತು. ಅದನ್ನು ಪಿಯಾಜೆಯೂ 20ಪಿ ಅನ್ನುವ ಹೆಸರಲ್ಲಿ ಬಳಸಿತು. ತೆಳುತನದ ಆಸೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಪಿಯಾಜೆ ಅಲ್ಲೇ ಕಲಿತಿದೆ ಅಂತ ನನ್ನ ನಂಬಿಕೆ. ಈಗಿನ 2 ಮಿ.ಮೀ. ವಾಚಿನಲ್ಲಿ ಅವರು ಗಟ್ಟಿತನಕ್ಕೆ ಅಷ್ಟು ವರ್ಷ ಕೊಟ್ಟದ್ದು ಅದಕ್ಕೇ.

ರಾಯಲ್_ಶಿರಸಿ
ಟೂರ್ಬಿಯಾನ್ ಮಾತ್ರ ಬೇಡವಾಗಿತ್ತು. ಗಡಿಯಾರ ತಯಾರಕ ಬ್ರೆಗೆ 1801ರಲ್ಲಿ ಅದರ ಪೇಟೆಂಟ್ ಪಡೆದದ್ದು ಜೇಬಿನಲ್ಲಿ ನೆಟ್ಟಗೆ ನಿಲ್ಲುವ ಗಡಿಯಾರಕ್ಕಾಗಿ. ಕೈ ದಿನವಿಡೀ ಎಲ್ಲ ಕಡೆ ತಿರುಗುತ್ತದೆ, ಅಲ್ಲಿ ಅದರಿಂದ ಲಾಭ ಇಲ್ಲ. 2 ಮಿ.ಮೀ. ಒಳಗೆ ಇರುವ ಸ್ವಲ್ಪ ಶಕ್ತಿಯನ್ನೂ ಅದಕ್ಕೆ ಕೊಡುವುದು ಸರಿಯಲ್ಲ.

ಹಾಸನದ_ಮೆಕ್ಯಾನಿಕಲ್
ಲಾಭದ ದೃಷ್ಟಿಯಿಂದ ನೀವು ಹೇಳಿದ್ದು ನಿಜ. ಆದರೆ ಆಗುತ್ತಾ ಅಂತ ನೋಡುವುದೇ ಅಲ್ಲಿ ಗುರಿ. ಬುಲ್ಗಾರಿ ಕೂಡ 2025ರಲ್ಲಿ 1.85 ಮಿ.ಮೀ.ನಲ್ಲಿ ಟೂರ್ಬಿಯಾನ್ ಮಾಡಿತು. ಇಬ್ಬರೂ ಒಂದೇ ಗೋಡೆಗೆ ಏಣಿ ಹಾಕಿದ್ದಾರೆ.

ಮಲ್ಲೇಶ್ವರ_8ನೇ_ಕ್ರಾಸ್
ವಿಷಯ ಸ್ವಲ್ಪ ಆಚೆ. ಸ್ವಿಟ್ಜರ್‌ಲೆಂಡ್ ಇರುವ ಎಫ್ಟಾ ದೇಶಗಳ ಗುಂಪಿನ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಸ್ವಿಸ್ ವಾಚುಗಳ ಆಮದು ಸುಂಕ ಹಂತ ಹಂತವಾಗಿ ಇಳಿಯುತ್ತದೆ. ಚಿನ್ನದ ಪೋಲೊ ಕೊಳ್ಳುವವರು ಎಲ್ಲಿಂದಾದರೂ ಕೊಳ್ಳುತ್ತಾರೆ, ಅವರಿಗೆ ಇದು ದೊಡ್ಡದಲ್ಲ. ಸ್ಟೀಲ್ ವಾಚಿನ ಆಸೆ ಇರುವವರಿಗೆ ಮುಂದೆ ಅನುಕೂಲ ಆಗಬಹುದು.

ಸಣ್ಣಮುಳ್ಳು
ಅಲ್ಲಿಗೇ ಬರೋಣ. ಪಿಯಾಜೆ ಸ್ಟೀಲ್ ಪೋಲೊ 2016ರಲ್ಲಿ ಬಂತು, ಆಗ ಹೆಸರು ಪೋಲೊ ಎಸ್, 42 ಮಿ.ಮೀ. ದುಂಡು ಕೇಸು, ದಿಂಬಿನ ಆಕಾರದ ಡಯಲ್. ನಾಟಿಲಸ್ ಹಾಗೇ ಇದೆ ಅಂತ ಬಹಳ ಜನ ಆಗ ಬೈದರು. ನನಗೂ ಅದು ಪಿಯಾಜೆ ಅನ್ನಿಸಲಿಲ್ಲ. ಈಗ ಪೋಲೊ 79 ಅವರದೇ ಹಳೇ ಗುರುತನ್ನು ವಾಪಸ್ ತಂದಿದೆ, 2024ರ ಜಿನೀವಾ ಪ್ರಶಸ್ತಿಗಳಲ್ಲಿ ಐಕಾನಿಕ್ ವಾಚು ಅಂತ ಬಹುಮಾನವೂ ಬಂತು. ಇದನ್ನೇ ಸ್ಟೀಲಿನಲ್ಲಿ, ಇದೇ 38 ಮಿ.ಮೀ.ನಲ್ಲಿ, ಇದೇ ಯಂತ್ರ ಹಾಕಿ ಮಾಡಬೇಕು ಅಂತ ನನ್ನ ಆಸೆ. ಆಗ ರಾಯಲ್ ಓಕ್ ಜೊತೆ ನೇರವಾಗಿ ನಿಲ್ಲಬಹುದು.

ಕೀ_ಕೊಡುವವ
ಬೇಡ ಬೇಡ. ಸ್ಟೀಲ್ ಮಾಡಿದರೆ ಅದು ಎಲ್ಲರ ಹಾಗೆ ಆಗುತ್ತದೆ. ಆ ಗೆರೆಗಳು ಚಿನ್ನಕ್ಕಾಗಿಯೇ ಬರೆದದ್ದು.

ರಾಯಲ್_ಶಿರಸಿ
ಸ್ಟೀಲ್ ಬಂದರೆ ಮೊದಲು ಹೋಗಿ ಕಟ್ಟಿ ನೋಡುವವನು ನಾನು. 100 ಮೀಟರ್ ನೀರು ತಡೆ ಕೊಟ್ಟರೆ ಒಡವೆ ಅಂದ ಮಾತನ್ನೂ ಬಿಡುತ್ತೇನೆ.

ಜಿನೀವಾ_ಕನ್ನಡಿಗ
ಆ ಚೈನನ್ನು ಸ್ಟೀಲಿನಲ್ಲಿ ಅದೇ ಮಟ್ಟಕ್ಕೆ ಉಜ್ಜುವುದು ಸುಲಭ ಅಲ್ಲ. ಹೊಳಪು ಗೆರೆ, ಮಂದ ಗೆರೆ ನಡುವಿನ ಅಂಚು ಚೂಪಾಗಿ ಬರಬೇಕು. ಚಿನ್ನಕ್ಕಿಂತ ಸ್ಟೀಲ್ ಗಟ್ಟಿ, ಕೆಲಸ ಜಾಸ್ತಿ ಹಿಡಿಯುತ್ತದೆ. ಬಂದರೂ ನೀವೆಲ್ಲ ಅಂದುಕೊಂಡಷ್ಟು ಅಗ್ಗಕ್ಕೆ ಬರುವುದಿಲ್ಲ.

ತುಮಕೂರು_ಕಡೆಯವ
ಎಡ್ಜ್ ಮೆಕ್ಯಾನಿಕಲ್ ಕೈಗೆತ್ತಿಕೊಂಡು ನೋಡಿದ್ದೀರಾ ಅಂತ ಕೇಳಿದ್ದಕ್ಕೆ ಒಬ್ಬರೇ ಉತ್ತರ ಕೊಟ್ಟಿದ್ದಾರೆ. ಉಳಿದವರೂ ಅಂಗಡಿಗೆ ಹೋಗಿ ನೋಡಿ ಬಂದು ಬರೆಯಿರಿ, ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.